ಮುಷ್ಟಿ ಬಿಚ್ಚಿದ ವರ್ಷ

ಮೊನ್ನೆ ಮಗಳು ಸುಮಾ ಮಹಡಿಯ ಗೋಡೆಬೀರು ಖಾಲಿ ಮಾಡಲು ಹೇಳಿದಳು. "ಬೇಡದ್ದನ್ನೆಲ್ಲ ಡೊನೇಟ್ ಮಾಡ್ಬಿಡೋಣ ಅಮ್ಮ, ನೀನು ನೋಡಿ ತೆಗ್ದಿಡು" ಎಂದು ಕಾರು ಹತ್ತಿ ಕೆಲಸಕ್ಕೆ ಹೋದಳು. ಬೇಡದ್ದು ಯಾವುದು ಎಂದು ಈ ದೇಶದಲ್ಲಿ ನನಗೆ ಇನ್ನೂ ಗೊತ್ತಾಗಿಲ್ಲ. ಇವರು ಬೇಕೆಂದು ತರುವುದರಲ್ಲಿ ಮುಕ್ಕಾಲು ಪಾಲು, ನನ್ನ ಕಣ್ಣಿಗೆ, ತಂದ ದಿನವೇ ಬೇಡದ್ದು.

ಹಳೆಯ ಕೋಟುಗಳ ಹಿಂದೆ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಕೈ ತೂರಿಸಿ ಆಡಿಸುವ ಬಟ್ಟೆಯ ಕೋತಿ, ಸ್ಲೇಟಿನಷ್ಟು ಅಗಲದ ಬಿಳಿ ಹಲಗೆ, ಒಂದಿಷ್ಟು ಮಾರ್ಕರ್ ಪೆನ್ನು. ಒಂದರ ಮುಚ್ಚಳ ಕಿತ್ತೆ. ಘಾಟು ಮೂಗಿಗೆ ಅಡರಿತು. ಮರಕ್ಕೆ ಹೊಸದಾಗಿ ಪಾಲಿಶ್ ಹೊಡೆದಾಗ ಬರುತ್ತದಲ್ಲ, ಅಂಥ ಘಾಟು. ಇಷ್ಟು ವರ್ಷ ಪೆಟ್ಟಿಗೆಯಲ್ಲಿ ಉಸಿರು ಕಟ್ಟಿ ಬಿದ್ದಿದ್ದರೂ ಸತ್ತಿಲ್ಲ. ಕರೋನಾದ ಆ ವರ್ಷ ಈ ಮನೆಯಲ್ಲಿ ಬೆಳಗಾಯಿತು ಎಂದು ನನಗೆ ತಿಳಿಯುತ್ತಿದ್ದದ್ದು ಆ ಘಾಟಿನಿಂದ. ಕೋಳಿ ಕೂಗುವ ಊರಲ್ಲ ಇದು.

ಆ ವರ್ಷ ನಾನು ಆರು ತಿಂಗಳು ಇದ್ದು ಹೋಗಲು ಸೌತ್ ಕ್ಯಾರೊಲೈನಾದ ಈ ಫೋರ್ಟ್ ಮಿಲ್‌ಗೆ ಬಂದಿದ್ದೆ. ಬಂದ ಸ್ವಲ್ಪ ದಿನಕ್ಕೆ ವಿಮಾನ ನಿಂತಿತು, ಊರು ನಿಂತಿತು. ಹೊರಗೆ ಪೈನ್ ಮರಗಳ ಹಳದಿ ಧೂಳು ಬಿದ್ದು ಕಾರು, ಮೆಟ್ಟಿಲು, ಅಂಚೆಪೆಟ್ಟಿಗೆ ಎಲ್ಲಕ್ಕೂ ಅರಿಸಿನ ಹಚ್ಚಿದ ಹಾಗಿತ್ತು, ಆದರೆ ಯಾರ ಮನೆಯಲ್ಲೂ ಶುಭವಿರಲಿಲ್ಲ. ಸುಮಾ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಅವಳಿಗೆ ರಜೆಯಿಲ್ಲ. ಮನೆಗೆ ಬಂದರೆ ಗ್ಯಾರೇಜಿನಲ್ಲೇ ಬಟ್ಟೆ ಬದಲಿಸಿ ನೇರ ಸ್ನಾನಕ್ಕೆ. ಅಳಿಯಂದಿರು ಹರೀಶ್ ದಿನಾ ಪಕ್ಕದ ದೊಡ್ಡೂರು ಷಾರ್ಲೆಟ್‌ನ ಬ್ಯಾಂಕಿಗೆ ಹೋಗುತ್ತಿದ್ದವರು ಊಟದ ಮೇಜಿಗೆ ಕಂಪ್ಯೂಟರ್ ತಂದಿಟ್ಟುಕೊಂಡು ಕೂತರು. ನಾನು ಕುಕ್ಕರ್ ಕೂಗಿಸಿದರೆ "ಅತ್ತೆ, ಮೀಟಿಂಗು" ಎಂದು ಕೈ ಮುಗಿಯುತ್ತಿದ್ದರು. ಬೇಳೆ ಬೇಯಲು ಮೀಟಿಂಗ್ ಮುಗಿಯಬೇಕು. ಅಂಥ ಕಾಲ.

ಮೊಮ್ಮಗಳು ಅನಘಾ ಕಾಲೇಜು ಮುಗಿಸಿದ್ದು ಅದೇ ಬೇಸಿಗೆಯಲ್ಲಿ. ಕಾರಿನಲ್ಲಿ ಕೂತಹಾಗೇ ಕಿಟಕಿಯಿಂದ ಡಿಗ್ರಿ ಕೊಟ್ಟರು, ಪಾರ್ಸೆಲ್ ಇಡ್ಲಿ ಕೊಟ್ಟಹಾಗೆ. ಸೇರಬೇಕಿದ್ದ ಕೆಲಸದವರು ಈಗ ಬೇಡ ಎಂದು ತಿಳಿಸಿಬಿಟ್ಟರು. ಹುಡುಗಿ ಮಧ್ಯಾಹ್ನದವರೆಗೆ ಮಲಗತೊಡಗಿದಳು.

ಅನು ಹುಟ್ಟಿದ್ದು ಇಲ್ಲೇ. ಅವಳ ಬಾಯಿಯ ವಿಷಯ ಸ್ವಲ್ಪ ಹೇಳಬೇಕು. ಮೂರು ತುಂಬಿದರೂ ಮಗು ಮಾತಾಡಲಿಲ್ಲವೆಂದು ಡೇಕೇರ್‌ನ ಹೆಂಗಸು, "ಮನೆಯಲ್ಲಿ ಎರಡು ಭಾಷೆ ಬೇಡ, ಮಗುವಿಗೆ ಗೊಂದಲ" ಎಂದಳಂತೆ. ಆಗ ನಾನು ಮೊದಲ ಸಲ ಬಂದಿದ್ದೆ. ವಿಮಾನ ನಿಲ್ದಾಣದಿಂದ ಬರುವ ದಾರಿಯಲ್ಲೇ ಸುಮಾ, "ಅಮ್ಮ, ಬೇಜಾರ್ ಮಾಡ್ಕೋಬೇಡ, ಅವಳ ಹತ್ರ ಕನ್ನಡ ಬೇಡ" ಎಂದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ನನಗೆ ಬರುವುದು ಅದೊಂದೇ. ಆ ಸಲ ಇದ್ದಷ್ಟು ದಿನವೂ ಮೊಮ್ಮಗಳ ಮುಂದೆ ನಾನು ಮೂಗಿ. ಉಣ್ಣಿಸಿದೆ, ತೊಳೆದೆ, ಒರೆಸಿದೆ. ಒಂದು ಮಾತಾಡಲಿಲ್ಲ. ಹೀಗೆ ಮನೆಯಲ್ಲಿದ್ದ ಕನ್ನಡ ಕೊಟ್ಟು ಮಗುವಿಗೆ ಇಂಗ್ಲಿಷ್ ಕೊಂಡರು. ಚೆನ್ನಾಗಿಯೇ ಕೊಂಡರು. ಇಲ್ಲಿಯವರ ಹಾಗೇ ಮಾತಾಡುತ್ತಾಳೆ, ಕಣ್ಣು ಮುಚ್ಚಿ ಕೇಳಿದರೆ ಯಾವ ಮನೆಯ ಹುಡುಗಿ ಎಂದು ಹೇಳುವ ಹಾಗಿಲ್ಲ. ನನ್ನ ಹತ್ತಿರ ಮಾತ್ರ ಒಡೆದ ಮಡಕೆಯಂಥ ಕನ್ನಡ. ಅದನ್ನೂ ದೊಡ್ಡವಳಾದ ಮೇಲೆ ತಾನೇ ಹೆಕ್ಕಿ ಜೋಡಿಸಿಕೊಂಡದ್ದು.

ಎದುರು ಮನೆಯ ಇರೀನಾ ಅವಳಿಗೊಂದು ದಾರಿ ತೋರಿಸಿದಳು. ಯುರೋಪಿನ ಕಡೆಯಿಂದ ಇಲ್ಲಿಯವನನ್ನು ಮದುವೆಯಾಗಿ ಬಂದ ಹೆಂಗಸು. ಜೋಳದ ಕೂದಲಿನ ಬಣ್ಣದ ಜಡೆ, ಬೆಳ್ಳಗೆ, ದೊಡ್ಡ ನಗು. ಅವಳ ಇಂಗ್ಲಿಷ್ ಕುಂಟುತ್ತದೆ ಎಂಬುದು ನನ್ನ ಕಿವಿಗೇ ಗೊತ್ತಾಗುತ್ತಿತ್ತು. ಅದಕ್ಕೇ ನಮ್ಮಿಬ್ಬರಿಗೆ ಸರಿಹೋಯಿತು. ಅವಳ ಊರಲ್ಲಿ ಅಜ್ಜಿಗೆ ಬಾಬಾ ಎನ್ನುತ್ತಾರಂತೆ, ನನ್ನನ್ನು ಹಾಗೇ ಕರೆಯುತ್ತಿದ್ದಳು. ಗಡ್ಡವಿಲ್ಲದ ಬಾಬಾ ಆದೆ. ಚೀನಾದ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಕೆಲಸ ಅವಳದು. ಅಟ್ಲಾಂಟಾದಲ್ಲಿ ಆಫೀಸಿದ್ದ ಸಣ್ಣ ಕಂಪನಿ ಅದು. ಚೀನಾದ ತಾಯಂದಿರು ಫೋಟೋ ನೋಡಿ ಟೀಚರನ್ನು ಆರಿಸುತ್ತಾರೆ, ಪಾಠಕ್ಕೆ ಇಷ್ಟು ಎಂದು ಕೂಲಿ. ಹುಟ್ಟಿನಿಂದ ಇಂಗ್ಲಿಷ್ ಮಾತಾಡುವವರು ಬೇಕು ಎಂದು ಜಾಹೀರಾತಿನಲ್ಲಿತ್ತಂತೆ. "ಅನು ಪರ್ಫೆಕ್ಟ್" ಎಂದಳು ಇರೀನಾ. ಅನುಗೆ ಕೆಲಸ ಸಿಕ್ಕಿತು. ಕಂಪನಿಯಲ್ಲಿ ಟೀಚರುಗಳನ್ನು ನೋಡಿಕೊಳ್ಳುವ ಮಿಸ್ ಲಿನ್ ಎಂಬ ಚೀನಾದ ಹೆಂಗಸು, ಅನಘಾ ಎಂಬ ಹೆಸರು ಮಕ್ಕಳ ಬಾಯಿಗೆ ಕಷ್ಟ ಎಂದು ಟೀಚರ್ ಆನಾ ಎಂದು ಬದಲಿಸಿದಳು. ಆ ಹೆಸರಿಟ್ಟವಳು ನಾನು. ನನ್ನನ್ನು ಯಾರೂ ಕೇಳಲಿಲ್ಲ.

ಅಲ್ಲಿ ಸಂಜೆಯಾದರೆ ಇಲ್ಲಿ ಬೆಳಗಿನ ಜಾವ. ಮಹಡಿಯ ಕೋಣೆಯಲ್ಲಿ ಬಳೆಯಂಥ ದೀಪ ಹಚ್ಚಿ, ಕೈಗೆ ಕೋತಿ ತೊಟ್ಟು, ಹುಡುಗಿ ಕುಣಿಯುತ್ತಿದ್ದಳು. ಹೌದು, ಕುಣಿತವೇ. ಕೈ ಬೀಸಬೇಕು, ಕಿವಿ ಹಿಡಿಯಬೇಕು, ಪ್ರತಿ ಮಾತಿಗೂ ಹಲ್ಲು ತೋರಿಸಬೇಕು. ನಾನು ಕಾಫಿ ಕೊಡುವ ನೆಪದಲ್ಲಿ ಹೋಗಿ ಕ್ಯಾಮೆರಾಗೆ ಕಾಣದ ಹಾಗೆ ನೆಲದ ಮೇಲೆ ಕೂರುತ್ತಿದ್ದೆ. ಆ ಮಕ್ಕಳ ಜೊತೆ ನಾನೂ ರೆಡ್ಡು, ಬ್ಲೂ ಕಲಿತೆ. ಹಲ್ಲು ಬಿದ್ದ ಹುಡುಗ ಹಲ್ಲನ್ನೇ ಪರದೆಗೆ ಹಿಡಿದು ತೋರಿಸಿದ್ದ.

ಅವರಲ್ಲಿ ಕೋಕೋ ಎಂಬ ಹುಡುಗಿಯಿದ್ದಳು. ಅದೂ ಪಾಠಕ್ಕೆ ಇಟ್ಟುಕೊಂಡ ಹೆಸರು. ಅವಳ ಅಜ್ಜಿ ಪಕ್ಕದಲ್ಲೇ ಕೂತು ಕಿತ್ತಳೆ ಸುಲಿದು, ನಾರು ತೆಗೆದು, ಒಂದೊಂದೇ ತೊಳೆ ಮಗುವಿನ ಬಾಯಿಗಿಡುತ್ತಿದ್ದಳು. ಪಾಠದ ನಡುವೆ ಹೀಗೆ ತಿನ್ನಿಸಬಾರದೆಂಬ ನಿಯಮವಿದ್ದರೂ ಆ ಮುದುಕಿ ಕೇಳುವವಳಲ್ಲ. ಒಂದು ದಿನ ನೋಡುವ ಆಸೆಯಿಂದ ನಾನು ಕತ್ತು ಚಾಚಿದೆ, ನನ್ನ ಮೂಗು ಪರದೆಯೊಳಗೆ ಹೋಯಿತು. ಅವಳು ನೋಡಿ ಕಿತ್ತಳೆ ಎತ್ತಿ ತೋರಿಸಿದಳು. ನಾನು ಸ್ಟೀಲ್ ಲೋಟ ಎತ್ತಿದೆ. ಅಂದಿನಿಂದ ಕೋಕೋ ಪಾಠವೆಂದರೆ ನಮ್ಮಿಬ್ಬರದೂ ಒಂದು ಭೇಟಿ. "ಇಟ್ಸ್ ಅಜ್ಜಿ ಟೈಮ್" ಎಂದು ಅನು ನಗುತ್ತಿದ್ದಳು. ಮಧ್ಯಾಹ್ನದವರೆಗೆ ಮಲಗುತ್ತಿದ್ದವಳು ಕತ್ತಲಿರುವಾಗಲೇ ಎದ್ದು ನಗುವಂತಾದಳಲ್ಲ ಎಂದು ಎಲ್ಲರಿಗೂ ಸಮಾಧಾನ.

ಈ ನಡುವೆ ಇರೀನಾ ಎದುರು ಮನೆಯಿಂದ ಅನುಗೆ ಫೋನಿನಲ್ಲಿ ಮೆಸೇಜ್ ಕಳಿಸುತ್ತಿದ್ದಳು. ಬಸ್ಸಿನಲ್ಲಿ ಎನ್ನಲು ಇಂಗ್ಲಿಷಿನಲ್ಲಿ ಯಾವ ಮಾತು, ಈ ಪದವನ್ನು ಹೇಗೆ ಉಚ್ಚರಿಸುವುದು. ಅನು ಹಲ್ಲುಜ್ಜುತ್ತಲೇ ಉತ್ತರ ಬರೆಯುತ್ತಿದ್ದಳು. ಅವಳಿಂದ ಕೆಲಸ ಸಿಕ್ಕಿದೆ, ಇಷ್ಟಾದರೂ ಮಾಡಬೇಡವೇ? ಸರಿಯೇ.

ಬೇಸಿಗೆಯ ಗುಡುಗು ಮಳೆಯೆಲ್ಲ ಮುಗಿದು ಎಲೆ ಕೆಂಪಗಾಗುವ ಹೊತ್ತು. ಒಂದು ಸಂಜೆ ನಾನು ಮಾಸ್ಕ್ ಹಾಕಿಕೊಂಡು ಮನೆಮುಂದೆ ಎಲೆ ಗುಡಿಸುತ್ತಿದ್ದೆ. ಅನು ಮೆಟ್ಟಿಲ ಮೇಲೆ ಕೂತಿದ್ದಳು. ಇರೀನಾ ರಸ್ತೆಯ ಆಚೆ ನಿಂತು "ಬಾಬಾ, ಹೌ ಆರ್ ಯು" ಎಂದಳು. ನಾನು ಪೊರಕೆ ಊರಿ ನಿಂತು ನನಗೆ ಬಂದ ಇಂಗ್ಲಿಷಿನಲ್ಲಿ ಕೇಳಿದೆ:

"ಯು. ಒನ್ ಕ್ಲಾಸ್. ಹೌ ಮಚ್?"

"ಅಜ್ಜಿ!" ಅನು ಎದ್ದು ನಿಂತಳು. "ಸ್ಟಾಪ್! ನೀನು ಅದು ಕೇಳಕ್ಕೆ ಆಗಲ್ಲ!"

ಕೇಳಿ ಆಗಿತ್ತು. ಇರೀನಾಗೆ ಬೇಜಾರಿಲ್ಲ. ಅವಳ ಊರಲ್ಲೂ ಮುದುಕಿಯರು ಕೇಳುತ್ತಾರೆ ಎಂದು ಕಾಣುತ್ತದೆ. ಎರಡೂ ಕೈಯ ಬೆರಳುಗಳನ್ನು ಎರಡು ಸಲ ಬಿಡಿಸಿ ತೋರಿಸಿ, ಮೇಲೆ ಇನ್ನೆರಡು ಬೆರಳು ಎತ್ತಿದಳು, ಇಪ್ಪತ್ತೆರಡು. ನಾನು ತಿರುಗಿ ಮೊಮ್ಮಗಳ ಮುಖ ನೋಡಿದೆ. ಬೈಯಲು ತೆರೆದಿದ್ದ ಬಾಯಿ ಹಾಗೇ ನಿಂತಿತ್ತು.

"ನಿಂಗೆಷ್ಟು ಕೊಡ್ತಾರೆ?" ಎಂದೆ, ಕನ್ನಡದಲ್ಲಿ.

ತಿರುಗಿ ಒಳಗೆ ಹೋದಳು. ರಾತ್ರಿ ಊಟಕ್ಕೆ ಕೂತಾಗ ಸುಮಾ ಬಾಯಿ ಬಿಡಿಸಿದಳು. ಅನುಗೆ ಸಿಗುತ್ತಿದ್ದದ್ದು ಹದಿನಾಲ್ಕು ಡಾಲರ್. ಅದೇ ಪಾಠ, ಅಷ್ಟೇ ಹೊತ್ತು, ಅದೇ ಕಂಪನಿ. ಇರೀನಾ ಸೇರಿದ್ದೂ ಬಹಳ ಮುಂಚೆಯೇನಲ್ಲ.

ಸುಮಾ ಸಿಟ್ಟು ಮಾಡಿದ್ದು ಕಂಪನಿಯ ಮೇಲಲ್ಲ, ನನ್ನ ಮೇಲೆ. "ಅಮ್ಮ, ಇಲ್ಲಿ ಯಾರನ್ನೂ ಸಂಬಳ ಕೇಳ್ಬಾರ್ದು. ಎಷ್ಟು ಸಲ ಹೇಳ್ಬೇಕು? ಮಾನ ಹೋಗತ್ತೆ."

"ಕಡಿಮೆ ಕೊಟ್ಟೋರ ಮಾನ ಹೋಗ್ಬೇಕು ಕಣೇ. ಕೇಳ್ದೋಳದ್ದು ಯಾಕೆ ಹೋಗತ್ತೆ?"

"ಅದು ಮಾರ್ಕೆಟ್ಟು ಅತ್ತೆ" ಎಂದರು ಅಳಿಯಂದಿರು, ಮೊಸರು ಕಲಸುತ್ತ. "ಪೇರೆಂಟ್ಸ್ ಯಾರನ್ನ ಕೇಳ್ತಾರೋ ಅವರಿಗೆ ಡಿಮಾಂಡು ಜಾಸ್ತಿ."

"ನಿಮ್ಮ ಬ್ಯಾಂಕ್ನಲ್ಲಿ ಪಕ್ಕದ ಕುರ್ಚಿಯವನಿಗೆ ಎಷ್ಟು ಅಂತ ಗೊತ್ತಾ ನಿಮಗೆ?"

"ಛೆ, ಅದೆಲ್ಲ ಕೇಳಲ್ಲ ಅತ್ತೆ."

"ಹಂಗಾದ್ರೆ ಮಾರ್ಕೆಟ್ಟು ಅಂತ ನಿಮಗ್ಯಾರು ಹೇಳಿದ್ರು?"

ಅವರು ಮೊಸರನ್ನದ ಕಡೆ ನೋಡಿದರು.

ನನಗೆ ಈ ಕೇಳುವ ಚಾಳಿ ಬಂದದ್ದು ಕೊಳ್ಳೇಗಾಲದ ಕಡೆ. ಮದುವೆಯಾದ ಮೇಲೆ ಅಲ್ಲಿ ರೇಷ್ಮೆಗೂಡಿನ ಶೆಡ್ಡಿನಲ್ಲಿ ನೂಲು ಬಿಚ್ಚುವ ಕೆಲಸ ಮಾಡುತ್ತಿದ್ದೆ. ಕುದಿಯುವ ನೀರಿಗೆ ಬೆರಳು ಹಾಕಿ ಎಳೆ ಹುಡುಕಬೇಕು. ಸಂಜೆ ಹೊತ್ತಿಗೆ ಬೆರಳ ತುದಿ ಬೆಂದ ಬೇಳೆಯಂತಾಗಿರುತ್ತಿತ್ತು. ಶನಿವಾರ ಬಟವಾಡೆ. ಮೇಸ್ತ್ರಿ ಒಬ್ಬೊಬ್ಬಳನ್ನೇ ಒಳಗೆ ಕರೆದು, ದುಡ್ಡು ಅಂಗೈಗಿಟ್ಟು, ತಾನೇ ನಮ್ಮ ಬೆರಳು ಮಡಚುತ್ತಿದ್ದ. "ಯಾರಿಗೂ ತೋರಿಸ್ಬೇಡ, ನಿನಗೆ ಮಾತ್ರ ಒಂದ್ರೂಪಾಯಿ ಜಾಸ್ತಿ ಹಾಕಿದೀನಿ" ಎಂದು ಎಲ್ಲರಿಗೂ ಹೇಳುತ್ತಿದ್ದ. ನಾವು ಆಚೆ ಬಂದು ನಲ್ಲಿಯ ಹತ್ತಿರ ಸುತ್ತ ನಿಂತು ಒಟ್ಟಿಗೆ ಮುಷ್ಟಿ ಬಿಚ್ಚುತ್ತಿದ್ದೆವು. ಅದು ನಮ್ಮ ಕಟ್ಟಳೆ. ಅತ್ತೆ ಸೊಸೆಯರೂ ಬಿಚ್ಚಬೇಕು, ಜಗಳವಾಡಿಕೊಂಡವರೂ ಬಿಚ್ಚಬೇಕು. ಬಿಚ್ಚದವಳ ಬಿಂದಿಗೆಗೆ ನೀರು ಬಿಡುತ್ತಿರಲಿಲ್ಲ.

ಒಂದು ವಾರ ಸಾಕಮ್ಮನ ಮುಷ್ಟಿಯಲ್ಲಿ ಕಡಿಮೆ ಇತ್ತು. ಯಾಕೆಂದರೆ ಅವಳಿಗೆ ಗಂಡನಿಲ್ಲ, ಒಂದು ಹೊಟ್ಟೆಗೆ ಅಷ್ಟು ಸಾಕು ಎಂದನಂತೆ ಮೇಸ್ತ್ರಿ. ಸೋಮವಾರ ನಾವು ಯಾರೂ ಒಲೆಗೆ ಸೌದೆ ಇಡಲಿಲ್ಲ. ತಣ್ಣೀರಿನಲ್ಲಿ ಗೂಡು ನೂಲು ಬಿಡುವುದಿಲ್ಲ. ಮಧ್ಯಾಹ್ನದೊಳಗೆ ಸಾಕಮ್ಮನದು ಸರಿಹೋಯಿತು. ಎಲ್ಲ ಸಲವೂ ಹಾಗಾಯಿತು ಎಂದು ಹೇಳುವುದಿಲ್ಲ. ಅನೇಕ ಸಲ ಬೈದು ಮನೆಗೆ ಹೋದೆವು. ಆದರೆ ಕತ್ತಲಲ್ಲಿ ಇರಲಿಲ್ಲ.

ಇದನ್ನು ಅನುಗೆ ಹೇಳಿದೆ. ಅರ್ಧ ನನ್ನ ಕನ್ನಡ, ಅರ್ಧ ಸುಮಾಳ ಇಂಗ್ಲಿಷ್. ಹುಡುಗಿ ಮೊಣಕಾಲು ತಬ್ಬಿ ಕೇಳಿದಳು. ಮಾರನೆಯ ದಿನ ಅಟ್ಲಾಂಟಾಕ್ಕೆ ಫೋನ್ ಮಾಡಿದಳು. ಅಡಿಗೆಮನೆಯಲ್ಲಿ ಸ್ಪೀಕರ್ ಹಾಕಿ. ಮಿಸ್ ಲಿನ್ ಹೇಳುವುದನ್ನು ಸುಮಾ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು.

ಅನು ಕೇಳಿದ್ದು ಒಂದೇ: ನನಗೂ ಇರೀನಾಗೂ ಒಂದೇ ಕೂಲಿ ಯಾಕಿಲ್ಲ? ಇರೀನಾ ಮೇಲೆ ಅವಳು ಒಂದು ದೂರು ಹೇಳಲಿಲ್ಲ. ಬೆಳಗಾದರೆ ತನ್ನನ್ನು ಕೇಳಿ ಕೇಳಿ ಪಾಠ ಮಾಡುವವಳು ಎಂಬುದು ನಾಲಿಗೆಯ ತುದಿಯಲ್ಲಿದ್ದರೂ ಹೇಳಲಿಲ್ಲ. ಅಷ್ಟು ಒಳ್ಳೆಯತನ ನನ್ನ ರಕ್ತದಲ್ಲಿಲ್ಲ, ಅವಳ ಅಪ್ಪನ ಕಡೆಯಿಂದ ಬಂದಿರಬೇಕು.

ಮಿಸ್ ಲಿನ್ ಸುಳ್ಳು ಹೇಳುವ ಹೆಂಗಸಲ್ಲ, ಅದಂತೂ ನಿಜ. ತಾಯಂದಿರು ಫೋಟೋ ನೋಡುತ್ತಾರೆ ಎಂದಳು. ಹಳದಿ ಕೂದಲು ಕಂಡರೆ ಇದು ನಿಜವಾದ ಇಂಗ್ಲಿಷ್ ಎಂದು ಹೆಚ್ಚು ಕೊಡುತ್ತಾರೆ. ನಿನ್ನ ಫೋಟೋ ನೋಡಿ, ಈ ಹುಡುಗಿ ಎಲ್ಲಿಯವಳು ಎಂದು ನನಗೆ ಫೋನ್ ಮಾಡುತ್ತಾರೆ. ಸೌತ್ ಕ್ಯಾರೊಲೈನಾ ಎಂದರೆ, ಅಲ್ಲ, ನಿಜವಾಗಿ ಎಲ್ಲಿಯವಳು ಎನ್ನುತ್ತಾರೆ.

"ಐ ವಾಸ್ ಬಾರ್ನ್ ಹಿಯರ್" ಎಂದಳು ಅನು.

"ನನ್ನ ಮಗಳೂ ಇಲ್ಲೇ ಹುಟ್ಟಿದವಳು" ಎಂದಳಂತೆ ಮಿಸ್ ಲಿನ್. "ಅವಳಿಗೂ ಬರುವುದು ಇಂಗ್ಲಿಷ್ ಒಂದೇ. ಅವಳಿಗೆ ನಾನು ಇಲ್ಲಿ ಕೆಲಸ ಕೊಡಲಾರೆ. ಅವಳದು ನನ್ನ ಮುಖ."

ನಾನು ಸುಮಾಳ ಮುಖ ನೋಡಿದೆ, ಅವಳು ಸಿಂಕಿನ ಕಡೆ ತಿರುಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಮೂರು ವರ್ಷದ ಮಗುವಿನ ಬಾಯಿಂದ ನನ್ನ ಭಾಷೆ ಕಿತ್ತು ತೂಗಿ ಕೊಂಡ ಇಂಗ್ಲಿಷ್ ಅದು. ಅದೂ ನಿನ್ನದಲ್ಲ ಎಂದರೆ ಆ ಬಾಯಲ್ಲಿ ಸ್ವಂತದ್ದು ಅಂತ ಏನುಳಿಯಿತು? ಹಲ್ಲು. ಇದನ್ನು ಸುಮಾಗೆ ಹೇಳಲಿಲ್ಲ. ಹೇಳದಿದ್ದರೂ ಅವಳಿಗೆ ಕೇಳಿಸಿತು.

ಕೊನೆಗೆ ಮಿಸ್ ಲಿನ್ ಒಂದು ಮಾತು ಕೊಟ್ಟಳು. ಸರಿ, ನಿನ್ನ ಪಾಠಕ್ಕೂ ಇರೀನಾಳ ಪಾಠದಷ್ಟೇ ಬೆಲೆ ಹಾಕುತ್ತೇನೆ, ನಿನಗೂ ಅಷ್ಟೇ ಕೂಲಿ. ತಾಯಂದಿರು ಒಪ್ಪಿದರೆ ನಿನ್ನ ಅದೃಷ್ಟ. ಬೇಡವೆಂದರೆ ನನ್ನನ್ನು ಬೈಯಬೇಡ.

"ಹಳೇ ರೇಟಿಗೇ ಇರು ಅನೂ" ಎಂದರು ಅವಳಪ್ಪ. "ಈ ಟೈಮಲ್ಲಿ ಇಷ್ಟು ಸಿಗೋದೇ ಹೆಚ್ಚು."

"ನೋ" ಎಂದಳು. "ಸೇಮ್ ಆರ್ ನಥಿಂಗ್."

ಆ ದಿನ ನನಗೆ ಅವಳು ನನ್ನ ಮೊಮ್ಮಗಳೇ ಎನಿಸಿತು.

ನಾನು ಮಾಡಬಹುದಾದದ್ದು ಒಂದಿತ್ತು, ಮಾಡಿದೆ. ಇರೀನಾಳ ಮನೆ ಬಾಗಿಲಿಗೆ ಹೋಗಿ ದೂರ ನಿಂತು, ಸುಮಾಳನ್ನು ಜೊತೆಗಿಟ್ಟುಕೊಂಡು ಕೇಳಿದೆ: ತಾಯಂದಿರು ಇಬ್ಬರಿಗೂ ಒಂದೇ ಬೆಲೆ ಕೊಡಲು ಒಪ್ಪದಿದ್ದರೆ ನಾನೂ ಪಾಠ ಮಾಡುವುದಿಲ್ಲ ಎಂದು ನೀನೂ ಹೇಳು. ಇಬ್ಬರೂ ಸೌದೆ ಇಡಬೇಡಿ.

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕಣ್ಣು ತುಂಬಿತು. ಗಂಡನನ್ನು ಹೋಟೆಲ್ ಕೆಲಸದಿಂದ ತೆಗೆದಿದ್ದಾರೆ, ಒಳಗೆ ಎರಡು ಗಂಡು ಮಕ್ಕಳು, ಮನೆಗೆ ಬರುವುದು ಈ ಪಾಠದ ದುಡ್ಡೊಂದೇ. "ಬಾಬಾ, ಐ ಕ್ಯಾನ್ಟ್. ಸಾರಿ, ಬಾಬಾ."

ನಿಜವೇ. ಅವಳ ಒಲೆಯ ಮೇಲೆ ಅನ್ನವಿತ್ತು. ಆರಿಸು ಎನ್ನಲು ನಾನು ಯಾರು? ಹಾಗೆಂದು ಕ್ಷಮಿಸಿದೆ ಎಂದೂ ಅಲ್ಲ. ಕೊಳ್ಳೇಗಾಲದಲ್ಲಿ ನಮ್ಮೆಲ್ಲರ ಒಲೆಯ ಮೇಲೂ ಅನ್ನವಿತ್ತು. ಆದರೆ ಅಲ್ಲಿ ನಾವು ಒಬ್ಬರ ಪಕ್ಕ ಒಬ್ಬರು ಕೂತಿದ್ದೆವು, ಸಾಕಮ್ಮನ ಮುಖ ದಿನವಿಡೀ ಕಣ್ಣೆದುರು ಇತ್ತು. ಇಲ್ಲಿ ಒಬ್ಬೊಬ್ಬಳು ಒಂದೊಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಪರದೆಗೆ ನಗುತ್ತಾಳೆ. ಯಾವ ಮೇಸ್ತ್ರಿಗೆ ಇದು ಹೊಳೆಯಿತೋ, ಅವನು ನಮ್ಮ ಮೇಸ್ತ್ರಿಗಿಂತ ಜಾಣ. ಬೆರಳು ಮಡಚುವ ಕೆಲಸವೇ ಇಲ್ಲ.

ಹೊಸ ಬೆಲೆ ಹಾಕಿದ ಮೇಲೆ ಅನುವಿನ ಬೆಳಗುಗಳು ಒಂದೊಂದಾಗಿ ಬರಿದಾದವು. ಹಲ್ಲು ಬಿದ್ದ ಹುಡುಗ ಹೋದ. ಅವಳಿ ಮಕ್ಕಳು ಹೋದರು. ಚಳಿ ಶುರುವಾಗಿತ್ತು. ಇಲ್ಲಿ ಹಿಮ ಬೀಳುವುದು ಅಪರೂಪ. ಮಳೆಯೇ ಕೊಂಬೆಗಳ ಮೇಲೆ ಗಾಜಿನ ಹಾಗೆ ಹೆಪ್ಪುಗಟ್ಟುತ್ತದೆ, ನೋಡಲು ಚಂದ, ತೂಕಕ್ಕೆ ಕೊಂಬೆ ಮುರಿಯುತ್ತದೆ. ಅಂಥ ಬೆಳಗಿನಲ್ಲಿ ಎದ್ದು, ಮುಖ ತೊಳೆದು, ಬಳೆದೀಪ ಹಚ್ಚಿ, ಪಾಠವಿಲ್ಲದಿದ್ದರೂ ಹುಡುಗಿ ಕೂತಿರುತ್ತಿದ್ದಳು, ಯಾರಾದರೂ ಬಂದಾರೆಂದು. ಕಿಟಕಿಯಿಂದ ನೋಡಿದರೆ ಎದುರು ಮನೆಯಲ್ಲಿ ಇರೀನಾಳ ಕೋಣೆಯ ಬೆಳಕು. ಆ ಕಿಟಕಿಯ ಪರದೆಯ ಮೇಲೆ ಅವಳ ನೆರಳು ಕೈ ಬೀಸುತ್ತಿತ್ತು. ಅವಳಿಂದ ಈಗ ಮೆಸೇಜ್ ಬರುತ್ತಿರಲಿಲ್ಲ. ನಾಚಿಕೆಯಿರಬೇಕು.

ಕೋಕೋ ಮಾತ್ರ ಉಳಿದಳು. ಆ ಕಿತ್ತಳೆಯ ಮುದುಕಿಗೆ ನನ್ನ ಲೋಟ ನೋಡದೆ ಸಂಜೆಯಾಗುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. "ಅವ್ರು ಹೋಗಲ್ಲ ಅಜ್ಜಿ. ಶಿ ಲವ್ಸ್ ಮಿ" ಎನ್ನುತ್ತಿದ್ದಳು ಅನು. ಒಂದು ಮಗು ಒಪ್ಪಿದರೂ ಸಾಕು, ತನ್ನ ಇಂಗ್ಲಿಷಿಗೆ ಇರೀನಾಳ ಇಂಗ್ಲಿಷಿನ ಬೆಲೆ ಕೊಡುವ ಒಂದು ಮನೆ ಭೂಮಿಯ ಮೇಲಿದೆ ಎಂದು ಅವಳ ಲೆಕ್ಕ. ನಾನೂ ಅಷ್ಟರ ಮೇಲೇ ಕಾಫಿ ಕಾಯಿಸುತ್ತಿದ್ದೆ.

ಒಂದು ಬೆಳಗ್ಗೆ ಕೋಕೋ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಜ್ವರವಿರಬೇಕು ಎಂದಳು ಅನು. ಕೋತಿಯನ್ನು ಕೈಗೆ ತೊಟ್ಟೇ ಇದ್ದಳು, ಬಂದೊಡನೆ ಶುರುಮಾಡಲು.

ಆ ವಾರದ ಕೊನೆಗೆ ಇರೀನಾ ಬಂದಳು. ಕೈಯಲ್ಲಿ ಸೇಬಿನ ಕೇಕು. ಮೆಟ್ಟಿಲ ಕೆಳಗೇ ನಿಂತು ಅನುಗೆ ಏನೋ ಹೇಳಿದಳು, ನೆಲ ನೋಡುತ್ತ. ಅನು ಬಾಗಿಲಿಗೆ ಒರಗಿದಳು. ನಾನು ಅಳಿಯಂದಿರ ತೋಳು ಹಿಡಿದು "ಏನಂತೆ?" ಎಂದೆ.

"ಕೋಕೋನ ಇವಳ ಕ್ಲಾಸಿಗೆ ಹಾಕಿದಾರಂತೆ ಅತ್ತೆ. ಅಷ್ಟೇ ದುಡ್ಡಿಗೆ ಇವಳೇ ಬೇಕು ಅಂದ್ರಂತೆ ಅವಳ ತಾಯಿ. ಆದ್ರೆ ಆ ಮಗು…" ಅವರು ಅನುವಿನ ಕಡೆ ನೋಡಿದರು. "ಮಗು ಕೋತಿ ಬೇಕು ಅಂತ ಅಳತ್ತಂತೆ. ಇವಳ ಹತ್ರ ಕರಡಿ ಇರೋದು. ನಮ್ಮ ಕೋತಿ ಸ್ವಲ್ಪ ದಿನ ಕೊಡ್ತೀರಾ ಅಂತ ಕೇಳ್ತಿದಾಳೆ."

ಅನು ಒಳಗೆ ಹೋಗಿ ಕೋತಿ ತಂದಳು. ಕೊಡುವವಳೇ ಇದ್ದಳು. ಹೇಳಿದೆನಲ್ಲ, ಅಪ್ಪನ ಕಡೆಯ ರಕ್ತ. ಮೆಟ್ಟಿಲಿಳಿದು ಕೈ ಚಾಚುವಷ್ಟರಲ್ಲಿ ನಾನು ನಡುವೆ ಬಂದು ಕೋತಿ ಕಿತ್ತುಕೊಂಡೆ.

"ನೋ" ಎಂದೆ ಇರೀನಾಗೆ. "ಮಂಕಿ, ನೋ."

"ಅಜ್ಜಿ, ಪ್ಲೀಸ್. ಮಗು ಅಳ್ತಿದೆ."

"ಅಳ್ಲಿ. ಯಾರ್ನ ಆರಿಸ್ಕೊಂಡ್ರೋ ಅವರೇ ಸಮಾಧಾನ ಮಾಡ್ಲಿ. ನಿನ್ನ ಮಾತು ಬೇಡ, ಮುಖ ಬೇಡ, ಕೋತಿ ಮಾತ್ರ ಬೇಕಾ?"

ಇರೀನಾಗೆ ಕನ್ನಡ ತಿಳಿಯದಿದ್ದರೂ ತಿಳಿಯಿತು. ಕೇಕನ್ನು ಮೆಟ್ಟಿಲ ಮೇಲಿಟ್ಟು ಹೋದಳು. ಅದನ್ನು ಯಾರೂ ತಿನ್ನಲಿಲ್ಲ. ಸಣ್ಣ ಬುದ್ಧಿ ಎನ್ನುತ್ತೀರಾ? ಅನ್ನಿ. ಕಿತ್ತಳೆ ಸುಲಿಯುವ ಆ ಮುದುಕಿಯನ್ನು ನೆನೆದು ಒಂದೆರಡು ದಿನ ನನಗೂ ಊಟ ಸೇರಲಿಲ್ಲ. ಅವಳನ್ನೂ ಯಾರೂ ಕೇಳಿರಲಾರರು. ಆದರೂ ಕೋತಿಯನ್ನು ರಟ್ಟಿನ ಪೆಟ್ಟಿಗೆಗೆ ಹಾಕಿದವಳು ನಾನೇ, ಪೆನ್ನು ಹಲಗೆಗಳ ಜೊತೆ.

ವಿಮಾನ ಬಿಟ್ಟ ಮೇಲೆ ನಾನು ಊರಿಗೆ ಹೋದೆ. ಮರುವರ್ಷದ ಬೇಸಿಗೆಯಲ್ಲಿ ಚೀನಾದ ಸರ್ಕಾರ ಹೊರದೇಶದಿಂದ ಮಕ್ಕಳಿಗೆ ಮಾಡುವ ಇಂಥ ಪಾಠವನ್ನು ನಿಲ್ಲಿಸಿತಂತೆ, ಅಟ್ಲಾಂಟಾದ ಆಫೀಸೂ ಮುಚ್ಚಿತಂತೆ. ಎದುರು ಮನೆಯ ಬೆಳಕೂ ಆರಿತು ಎಂದು ಸುಮಾ ಫೋನಿನಲ್ಲಿ ಹೇಳಿದಳು. ಖುಷಿಯಾಗಲಿಲ್ಲ ಎಂದರೆ ಸುಳ್ಳು. ಆ ಖುಷಿಯಿಂದ ಯಾರ ಹೊಟ್ಟೆಯೂ ತುಂಬಲಿಲ್ಲ, ಅದೂ ನಿಜ. ನಾನು ಮತ್ತೆ ಇಲ್ಲಿಗೆ ಬರುವಷ್ಟರಲ್ಲಿ ಇರೀನಾ ಮನೆ ಮಾರಿ ಬೇರೆ ಕಡೆ ಹೋಗಿದ್ದಳು. ಈಗ ಅಲ್ಲಿ ನಾಯಿ ಸಾಕಿದವರು ಯಾರೋ ಇದ್ದಾರೆ.

ಅನು ಈಗ ಷಾರ್ಲೆಟ್‌ನಲ್ಲಿ ಬೇರೆ ಮನೆ ಮಾಡಿಕೊಂಡಿದ್ದಾಳೆ. ಹೊರದೇಶಗಳಿಂದ ಬಂದ ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಶಾಲೆಯಲ್ಲಿ ಕೆಲಸ. ಮುಖ ನೋಡುವವರು ಅಲ್ಲಿ ಕಡಿಮೆಯಂತೆ. ಕಲಿಯುವವರ ಮುಖಗಳೇ ನೂರು ಬಗೆ. ಮೊನ್ನೆ ಪೆಟ್ಟಿಗೆ ಸಿಕ್ಕ ಮೇಲೆ ಅವಳಿಗೆ ಫೋನ್ ಮಾಡಿದೆ.

"ನಿನ್ನ ಕೋತಿ ಸಿಕ್ಕಿದೆ. ನಿಮ್ಮಮ್ಮ ಡೊನೇಟ್ ಮಾಡು ಅಂತಾಳೆ."

"ನೋ, ನೋ. ಇಟ್ಕೋ ಅಜ್ಜಿ." ಆಮೇಲೆ, "ಅಜ್ಜಿ, ನಾನು ಕೇಳ್ದೆ" ಎಂದಳು.

"ಏನ ಕೇಳ್ದೆ?"

"ಅದೇ. ನಿಂಗೆಷ್ಟು ಕೊಡ್ತಾರೆ ಅಂತ. ನಮ್ಮ ಸ್ಕೂಲ್‌ಗೆ ಹೊಸ ಟೀಚರ್ ಬಂದಿದಾನೆ. ಲಂಚ್‌ನಲ್ಲಿ ಕೇಳ್ದೆ."

"ಎಷ್ಟಂತೆ?"

"ಜಾಸ್ತಿ" ಎಂದಳು. "ಅವನು ನಂಗಿಂತ ಎರಡು ವರ್ಷ ಜೂನಿಯರ್."

ನಾನು ಮಾರ್ಕರ್ ಪೆನ್ನಿನ ಮುಚ್ಚಳ ಬಿಗಿಯಾಗಿ ಒತ್ತಿದೆ. "ನಿಂದೆಷ್ಟು ಅಂತ ಅವನಿಗೆ ಹೇಳಿದ್ಯಾ?"

"ಹೇಳ್ದೆ. ಶಾಕ್ ಆದ. ಸೋಮವಾರ ನಾನೂ ನಿನ್ನ ಜೊತೆ ಪ್ರಿನ್ಸಿಪಾಲ್ ಹತ್ರ ಬರ್ತೀನಿ ಅಂದ."

"ಬರ್ತೀನಿ ಅಂದೋರ್ನ ನಾನು ನೋಡಿದೀನಿ" ಎಂದೆ. "ಅವನು ಬಂದ್ಮೇಲೆ ಫೋನ್ ಮಾಡು."